ಬೋಟಿನ ವರ್ಕ್‌ಶಾಪಿಗೆ ಅಪ್ರೆಂಟಿಸರನ್ನು ಸೇರಿಸಿಕೊಳ್ಳುವ ಮೊದಲು

ಕಾರವಾರದ ಬೈತಖೋಲದಿಂದ ಭಟ್ಕಳದವರೆಗೆ ಮೀನುಗಾರಿಕೆ ಬೋಟುಗಳ ಎಂಜಿನ್ ರಿಪೇರಿಯನ್ನೇ ನಂಬಿಕೊಂಡ ಸಣ್ಣ ವರ್ಕ್‌ಶಾಪುಗಳು ಅನೇಕ ಇವೆ. ನಾನು ಕಂಡ ಮಟ್ಟಿಗೆ, ಇವುಗಳ ಮಾಲೀಕರು ಹತ್ತನೆಯ ತರಗತಿ ಮುಗಿಸಿದ ಹುಡುಗರನ್ನು 'ಕೆಲಸ ಕಲಿಯಲಿ' ಎಂದು ಸೇರಿಸಿಕೊಳ್ಳುತ್ತಾರೆ. ಆದರೆ ಏನನ್ನು, ಯಾವ ಕ್ರಮದಲ್ಲಿ, ಯಾರು ಕಲಿಸಬೇಕು ಎಂಬುದನ್ನು ಗೊತ್ತುಮಾಡಿರುವುದಿಲ್ಲ. ವರ್ಷ ಕಳೆದರೂ ಆ ಹುಡುಗ ಪಾನಾ ಎತ್ತಿಕೊಡುತ್ತ, ಡೀಸೆಲ್‌ನಲ್ಲಿ ಬಿಡಿಭಾಗ ತೊಳೆಯುತ್ತ ಉಳಿಯುತ್ತಾನೆ. ಇದು ಅವನಿಗೆ ಆಗುವ ಅನ್ಯಾಯ ಎಂದೇ ನನ್ನ ಭಾವನೆ.

ಹೀಗೆ ಕೆಲಸ ಕಲಿಯಲು ಸೇರುವವರಿಗೆ, ಅಂದರೆ ಅಪ್ರೆಂಟಿಸರಿಗೆ, ಸಂಬಂಧಿಸಿದ 1961ರ ಅಪ್ರೆಂಟಿಸ್ ಕಾಯ್ದೆ ದೊಡ್ಡ ಕಾರ್ಖಾನೆಗಳಿಗೆ ಮಾತ್ರ ಎಂಬ ತಪ್ಪು ನಂಬಿಕೆ ನಮ್ಮಲ್ಲಿ ಬಲವಾಗಿದೆ. 2019ರಲ್ಲಿ ತಿದ್ದುಪಡಿಯಾದ ನಿಯಮಗಳ ಪ್ರಕಾರ, 30 ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಸಂಸ್ಥೆಗಳು ಗುತ್ತಿಗೆಯವರನ್ನೂ ಸೇರಿಸಿದ ಒಟ್ಟು ಸಂಖ್ಯೆಯ ಶೇ. 2.5ರಿಂದ ಶೇ. 15ರಷ್ಟು ಅಪ್ರೆಂಟಿಸರನ್ನು ತೆಗೆದುಕೊಳ್ಳಲೇಬೇಕು. 4ರಿಂದ 29 ಜನರಿರುವ ಕಡೆ ಅದು ಕಡ್ಡಾಯವಲ್ಲ, ಆದರೆ ಮುಕ್ತ ಅವಕಾಶವಿದೆ. ನಮ್ಮ ಕರಾವಳಿಯ ಎಷ್ಟೋ ವರ್ಕ್‌ಶಾಪುಗಳು ಈ ಎರಡನೆಯ ಗುಂಪಿನವು.

ಅದೇ ತಿದ್ದುಪಡಿ ಹತ್ತನೆಯ ತರಗತಿ ಪಾಸಾದವರಿಗೆ ಮೊದಲ ವರ್ಷದ ಕನಿಷ್ಠ ಸ್ಟೈಪೆಂಡನ್ನು ತಿಂಗಳಿಗೆ 6,000 ರೂಪಾಯಿ ಎಂದೂ ಎರಡನೆಯ ವರ್ಷ ಅದು ಶೇ. 10ರಷ್ಟು ಏರಬೇಕೆಂದೂ ಗೊತ್ತುಪಡಿಸಿತು. 2016ರಲ್ಲಿ ಆರಂಭವಾದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆಯಡಿ ಸ್ಟೈಪೆಂಡಿನ ಶೇ. 25ರಷ್ಟನ್ನು, ತಿಂಗಳಿಗೆ ಗರಿಷ್ಠ 1,500 ರೂಪಾಯಿಯವರೆಗೆ, ಕೇಂದ್ರ ಸರ್ಕಾರ ಭರಿಸುತ್ತದೆ. ಇದಕ್ಕೆ ಸರ್ಕಾರದ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ಮಾಲೀಕರ ಮತ್ತು ಅಪ್ರೆಂಟಿಸನ ನಡುವಿನ ಒಪ್ಪಂದ ನೋಂದಣಿಯಾಗಿರಬೇಕು. ಹುಡುಗ ಅಪ್ರಾಪ್ತನಾಗಿದ್ದರೆ ಪೋಷಕರ ಸಹಿಯೂ ಬೇಕು.

ದುಡ್ಡಿನ ವಿಷಯದಲ್ಲಿ ಇನ್ನೊಂದು ಮಾತಿದೆ. ಅಪ್ರೆಂಟಿಸನಿಗೆ ಇಷ್ಟು ಕೆಲಸಕ್ಕೆ ಇಷ್ಟು ಎಂದು ಲೆಕ್ಕ ಹಾಕಿ ಹಣ ಕೊಡುವುದನ್ನು ಕಾಯ್ದೆ ನಿಷೇಧಿಸುತ್ತದೆ. ಇದು ಬಹಳ ವಿವೇಕದ ನಿಯಮ. ತುಂಡು ಲೆಕ್ಕಕ್ಕೆ ಬಿದ್ದ ಹುಡುಗ ತನಗೆ ಈಗಾಗಲೇ ಬರುವ ಕೆಲಸವನ್ನೇ ಮತ್ತೆ ಮತ್ತೆ ಮಾಡುತ್ತಾನೆಯೇ ಹೊರತು ಬಾರದ ಕೆಲಸಕ್ಕೆ ಕೈ ಹಾಕುವುದಿಲ್ಲ.

ಕಲಿಕೆಯ ಕ್ರಮವನ್ನು ನಮ್ಮ ಕಡಲಿನ ಕ್ಯಾಲೆಂಡರಿಗೆ ಹೊಂದಿಸುವುದು ಒಳ್ಳೆಯದು. ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಯಾಂತ್ರೀಕೃತ ಬೋಟುಗಳು ಮೀನುಗಾರಿಕೆಗೆ ಹೋಗುವಂತಿಲ್ಲ. ಎಂಜಿನ್‌ಗಳನ್ನು ಪೂರ್ತಿ ಬಿಚ್ಚಿ ನೋಡುವ ಅವಕಾಶ ಸಿಗುವುದು ಆಗಲೇ. ಪಿಸ್ಟನ್ ಎಷ್ಟು ಸವೆದಿದೆ, ಉಪ್ಪುನೀರು ಕೂಲಿಂಗ್ ಪೈಪನ್ನು ಹೇಗೆ ತಿಂದಿದೆ, ಗೇರ್‌ಬಾಕ್ಸಿನ ಎಣ್ಣೆಗೆ ನೀರು ಎಲ್ಲಿಂದ ಸೇರಿದೆ ಎಂಬುದನ್ನು ಹುಡುಗ ಕಣ್ಣಾರೆ ಕಂಡು, ಕೈಯಾರೆ ಅಳೆದು ತಿಳಿಯಬಹುದು. ಆಗಸ್ಟ್‌ನಲ್ಲಿ ಬೋಟು ಇಳಿಸುವ ಗಡಿಬಿಡಿ ಶುರುವಾದ ಮೇಲೆ ಯಾವ ಮಿಸ್ತ್ರಿಗೂ ವಿವರಿಸಿ ಹೇಳುವ ಪುರುಸೊತ್ತಿರುವುದಿಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿದವರನ್ನು ಮೇ ತಿಂಗಳಲ್ಲೇ ಮಾತಾಡಿಸಿ, ಜೂನ್ ಹೊತ್ತಿಗೆ ಉಪಕರಣಗಳ ಪರಿಚಯವನ್ನಾದರೂ ಮಾಡಿಸಿಟ್ಟರೆ ಆ ಎರಡು ತಿಂಗಳು ವ್ಯರ್ಥವಾಗುವುದಿಲ್ಲ. ಕಲಿಸುವ ಹೊಣೆಯನ್ನು ಒಬ್ಬ ಹಿರಿಯ ಮಿಸ್ತ್ರಿಗೆ ಹೆಸರು ಹೇಳಿ ವಹಿಸಬೇಕು. ಅವರ ದಿನದ ಕೆಲಸವನ್ನು ಅಷ್ಟು ಕಡಿಮೆ ಮಾಡಲೂ ಮಾಲೀಕರು ಸಿದ್ಧರಿರಬೇಕು.

ಸುರಕ್ಷತೆಯಲ್ಲಿ ರಾಜಿ ಬೇಡ. ಮಳೆಯಲ್ಲಿ ಜಾರುವ ಡೆಕ್, ಗಾಳಿಯಾಡದ ಎಂಜಿನ್ ರೂಮು, ವೆಲ್ಡಿಂಗ್ ಕಿಡಿ ಇವೆಲ್ಲ ಹೊಸಬರಿಗೆ ಅಪಾಯಕಾರಿ. ತರಬೇತಿಯ ಕೆಲಸದಲ್ಲಿ ಗಾಯವಾದರೆ ಪರಿಹಾರ ಕೊಡುವ ಹೊಣೆ ಕಾಯ್ದೆಯಂತೆ ಮಾಲೀಕರದ್ದೇ. ಅಪಾಯಕಾರಿ ಉದ್ಯಮಗಳಲ್ಲಿ 18 ತುಂಬದವರನ್ನು ಅಪ್ರೆಂಟಿಸರನ್ನಾಗಿ ತೆಗೆದುಕೊಳ್ಳುವಂತಿಲ್ಲ.

ತರಬೇತಿ ಮುಗಿದ ಮೇಲೆ ನೌಕರಿ ಕೊಡಲೇಬೇಕೆಂಬ ಕಟ್ಟುಪಾಡು ಸಾಮಾನ್ಯವಾಗಿ ಇಲ್ಲ. ಒಪ್ಪಂದದಲ್ಲಿ ಅಂಥ ಷರತ್ತು ಹಾಕಿಕೊಂಡಿದ್ದರೆ ಮಾತ್ರ ಅದನ್ನು ಪಾಲಿಸಬೇಕಾಗುತ್ತದೆ. ಹುಡುಗನ ಅಪ್ಪ-ಅಮ್ಮ ಸಹಿ ಹಾಕಲು ಬಂದ ದಿನವೇ ಇದನ್ನು ಅವರಿಗೆ ಬಿಡಿಸಿ ಹೇಳಬೇಕು.