ಯಾರ ಕಡೆಯಿಂದ ಬಂತು?

ನನ್ನ ಮುಖದ ಎಡಭಾಗದಲ್ಲಿ ಹಣೆಯಿಂದ ಕೆನ್ನೆಯವರೆಗೆ ಕೆಂಪು ಮಚ್ಚೆಯಿದೆ. ನೋಡಿದವರೆಲ್ಲ ಕೇಳುವುದು ಒಂದೇ: 'ಅಪ್ಪನ ಕಡೆಯಿಂದ ಬಂತೋ, ಅಮ್ಮನ ಕಡೆಯಿಂದಲೋ?' ಯಾರ ಕಡೆಯಿಂದಲೂ ಅಲ್ಲ ಮಾರಾಯ್ರೆ. ಇಷ್ಟಕ್ಕೆ ಯಾರೂ ಸುಮ್ಮನಾಗುವುದಿಲ್ಲ, ಅದಕ್ಕೇ ಬರೆದಿಡುತ್ತಿದ್ದೇನೆ.

ನನಗೆ ಹತ್ತು ವರ್ಷವಿದ್ದಾಗ ಅತ್ತೆ ಹಳೆಯ ಫೋಟೋಗಳನ್ನೆಲ್ಲ ಹರವಿಕೊಂಡು ಭೂತಗನ್ನಡಿ ಹಿಡಿದು ಕೂತರು. ಅಮ್ಮನ ಅಜ್ಜನ ಕೆನ್ನೆಯ ಮೇಲೊಂದು ಕಪ್ಪು ಗುರುತು ಸಿಕ್ಕಿತು. 'ನಾನು ಹೇಳಲಿಲ್ವಾ? ನಿಮ್ಮ ಕಡೆಯದೇ!' ಅಮ್ಮ ಮಾತಾಡಲಿಲ್ಲ. ಬೆರಳಿಗೆ ಉಗುಳು ಹಚ್ಚಿ ಫೋಟೋ ಒರೆಸಿದಳು. ಗುರುತು ಬೆರಳಿಗೆ ಬಂತು.

ಆಗಿದ್ದಿಷ್ಟು. ಗರ್ಭ ಕಟ್ಟಿದ ಮೇಲೆ, ಬೆಳೆಯುತ್ತಿದ್ದ ಭ್ರೂಣದ ಒಂದು ಜೀವಕೋಶದಲ್ಲಿ, ಜಿಎನ್‌ಎಕ್ಯೂ ಎಂಬ ಜೀನ್‌ನ ಒಂದೇ ಒಂದು ಡಿಎನ್‌ಎ ಅಕ್ಷರ ಬದಲಾಯಿತು. 'ಜಿ' ಇದ್ದಲ್ಲಿ 'ಎ'. ಆ ಕೋಶ ಒಡೆದು ಹುಟ್ಟಿದ ಕೋಶಗಳಿಗೆಲ್ಲ ಆ ತಪ್ಪು ಹೋಯಿತು, ಉಳಿದವಕ್ಕೆ ಇಲ್ಲ. ಒಂದೇ ಮೈಯಲ್ಲಿ ಎರಡು ಬಗೆಯ ಕೋಶಗಳು, ಇದೇ ಮೊಸಾಯಿಸಿಸಂ. ಚರ್ಮದಲ್ಲಷ್ಟೇ ಉಳಿದರೆ ಮಚ್ಚೆ. ಕಣ್ಣಿಗೂ ಮೆದುಳಿನ ಹೊದಿಕೆಯ ರಕ್ತನಾಳಗಳಿಗೂ ತಟ್ಟಿದರೆ ಸ್ಟರ್ಜ್-ವೆಬರ್ ಸಿಂಡ್ರೋಮ್. ತಪ್ಪು ಎಷ್ಟು ಬೇಗ ಆಗುತ್ತದೋ ಅಷ್ಟು ದೂರ ಹರಡುತ್ತದೆ ಎಂಬುದು ತಜ್ಞರ ಅಂದಾಜು. ಮಚ್ಚೆಗೆ ಈ ಬದಲಾವಣೆಯೇ ಕಾರಣ ಎಂದು ಪತ್ತೆಯಾದದ್ದೇ 2013ರಲ್ಲಿ. ಅಲ್ಲಿಯವರೆಗೆ ಗುಮಾನಿ ಎಲ್ಲ ಅಮ್ಮನ ಮೇಲೆ.

ಆಮೇಲೆ ಪರೀಕ್ಷೆ ಮಾಡಿಸಿದೆ. ರಕ್ತದಲ್ಲಿ ಏನೂ ಸಿಗಲಿಲ್ಲ. ಮಚ್ಚೆಯಿಂದ ತೆಗೆದ ಚರ್ಮದ ಚೂರಿನಲ್ಲಿ ಸಿಕ್ಕಿತು. ಅತ್ತೆಗೆ ಹೇಳಿದರೆ, 'ನಮ್ಮ ರಕ್ತದಲ್ಲಿ ಇಂಥದ್ದಿಲ್ಲ ಅಂತ ಮೊದಲೇ ಹೇಳಿದ್ದೆ' ಎಂದರು. ಈ ವಿಷಯದಲ್ಲಿ ಅವರು ಆಡಿದ ಮಾತುಗಳಲ್ಲಿ ನಿಜವಾದದ್ದು ಅದೊಂದೇ.

'ಮಕ್ಕಳಿಗೆ ಬಂದರೆ?' ಎನ್ನುವವರಿಗೆ: ಇದು ವಂಶಪಾರಂಪರ್ಯವಾಗಿ ಇಳಿಯುವುದಲ್ಲ. ಮುಂದಿನದು ಕೇಳಿ.

ಮುಂದಿನದನ್ನು ಯಾರೂ ಕೇಳುವುದಿಲ್ಲ ಎನ್ನುವುದೇ ನನ್ನ ತಕರಾರು. 'ಕಣ್ಣಿನ ಒತ್ತಡ ಎಷ್ಟಿದೆ?' ಅಂತ ಒಬ್ಬರಾದರೂ ಕೇಳಿ ನೋಡೋಣ. ಮಚ್ಚೆ ನೋಯುವುದಿಲ್ಲ. ಆ ತಪ್ಪು ಕಣ್ಣಿಗೂ ತಟ್ಟಿದರೆ ಕಣ್ಣಿನೊಳಗಿನ ಒತ್ತಡ ಏರಿ ಬರಬಹುದಾದ ಗ್ಲಾಕೋಮಾವೂ ಬಹಳ ಸಲ ನೋಯುವುದಿಲ್ಲ, ಸದ್ದಿಲ್ಲದೆ ಕಣ್ಣಿನ ನರ ತಿನ್ನುತ್ತದೆ. ಅದಕ್ಕೇ ದಿನಾ ರಾತ್ರಿ ಎರಡು ಬಗೆಯ ಡ್ರಾಪ್ಸ್, ನಡುವೆ ಐದು ನಿಮಿಷ ಕಣ್ಣು ಮುಚ್ಚಿ ಕೂರುವುದು. ಒತ್ತಡ 21 ಮಿ.ಮೀ. ಪಾದರಸದೊಳಗಿದ್ದರೆ ಸಾಮಾನ್ಯ ಅನ್ನುತ್ತಾರೆ. ಕಳೆದ ಸಲ ಎಡಗಣ್ಣಿನಲ್ಲಿ 24 ಇತ್ತು. ಬಲಗಣ್ಣಿನಲ್ಲಿ 15, ಅದಕ್ಕೂ ಆ ಕೋಶಕ್ಕೂ ನೆಂಟಸ್ತನವಿಲ್ಲ.