ಅಪ್ಪನ 2009ರ ಲ್ಯಾಪ್‌ಟಾಪ್ ಮತ್ತೆ ಮೇಜಿಗೆ ಬಂತು

ಅಪ್ಪ ಮೇಷ್ಟ್ರ ಕೆಲಸದಿಂದ ನಿವೃತ್ತರಾದ ವರ್ಷ ತೆಗೆದುಕೊಂಡ ಲ್ಯಾಪ್‌ಟಾಪ್ ಅದು. ತಾಳಮದ್ದಳೆಯಲ್ಲಿ ಅರ್ಥ ಹೇಳಲು ಮಾಡಿಕೊಂಡ ಟಿಪ್ಪಣಿಗಳೆಲ್ಲ ಅದರಲ್ಲೇ ಇದ್ದವು. ಮೂರು ವರ್ಷದಿಂದ ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಬದಿಯಡ್ಕದ ಮನೆಯ ಅಟ್ಟದಲ್ಲಿ ಅಡಿಕೆ ಗೋಣಿಗಳ ಪಕ್ಕ ಬಿದ್ದಿತ್ತು. ಪೇಟೆಯ ಅಂಗಡಿಯವರು ಗುಜರಿಗೆ ಕೊಡಿ ಎಂದಿದ್ದರು. ನನಗೆ ಮನಸ್ಸಾಗಲಿಲ್ಲ. ವಿಂಡೋಸಿನ ಬದಲು ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿ ನೋಡೋಣ ಅಂದುಕೊಂಡೆ.

ಒಳಗಿದ್ದದ್ದು ವಿಂಡೋಸ್ 7. ಅದಕ್ಕೆ 2020ರ ಜನವರಿಯಲ್ಲೇ ಬೆಂಬಲ ನಿಂತಿದೆ. ಕೋರ್ 2 ಡ್ಯುಯೋ ಪ್ರೊಸೆಸರ್, 2 ಜಿಬಿ ರ‍್ಯಾಮ್. ನೀವೂ ಹಳೆಯ ಯಂತ್ರ ಇಟ್ಟುಕೊಂಡಿದ್ದರೆ ಮೊದಲು ಅದು 32 ಬಿಟ್ಟಿನದ್ದೋ 64 ಬಿಟ್ಟಿನದ್ದೋ ನೋಡಿ. ಕೋರ್ 2 ಡ್ಯುಯೋ 64 ಬಿಟ್, ತೊಂದರೆ ಇಲ್ಲ. 32 ಬಿಟ್ ಆದರೆ ಆಯ್ಕೆ ಕಡಿಮೆ. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13 ಎಂಬ ಲಿನಕ್ಸ್ ಕೂಡ ಅಂಥ ಕಂಪ್ಯೂಟರಿಗೆ ಇನ್‌ಸ್ಟಾಲರ್ ಕೊಡುವುದನ್ನು ಬಿಟ್ಟಿದೆ.

ನಾನು ಆರಿಸಿದ್ದು ಆಂಟಿಎಕ್ಸ್ ಎಂಬ ಹಗುರ ಲಿನಕ್ಸ್. ಡೆಬಿಯನ್ನಿನ ಮೇಲೆ ಕಟ್ಟಿದ್ದು. ಅದರಲ್ಲಿ ದೊಡ್ಡ ಡೆಸ್ಕ್‌ಟಾಪ್ ವ್ಯವಸ್ಥೆ ಇಲ್ಲ, ಕಿಟಕಿಗಳನ್ನು ನೋಡಿಕೊಳ್ಳುವ ಐಸ್‌ಡಬ್ಲ್ಯುಎಂ ಎಂಬ ಪುಟ್ಟ ಪ್ರೋಗ್ರಾಂ ಇದೆ. ಹಾಗಾಗಿ ಆನ್ ಆದ ಮೇಲೆ ರ‍್ಯಾಮ್ ಬಹುಪಾಲು ಖಾಲಿಯೇ ಇರುತ್ತದೆ. ತಮ್ಮನ ಕಂಪ್ಯೂಟರಿನಲ್ಲಿ ಪೆನ್‌ಡ್ರೈವಿಗೆ ವೆಂಟಾಯ್ (ಪೆನ್‌ಡ್ರೈವಿನಿಂದ ಕಂಪ್ಯೂಟರ್ ಶುರು ಮಾಡಿಸುವ ಪ್ರೋಗ್ರಾಂ) ಹಾಕಿ, ಆಂಟಿಎಕ್ಸಿನ ಐಎಸ್‌ಒ ಫೈಲನ್ನು ಸುಮ್ನೆ ಅದಕ್ಕೆ ಕಾಪಿ ಮಾಡಿದೆ. ಪೆನ್‌ಡ್ರೈವಿನಿಂದಲೇ ಬೂಟ್ ಮಾಡಿದರೆ ಹಾರ್ಡ್ ಡಿಸ್ಕನ್ನು ಮುಟ್ಟದೆ ಎಲ್ಲ ನೋಡಬಹುದು. ಸೌಂಡ್ ಬಂತು, ಟಚ್‌ಪ್ಯಾಡ್ ಓಡಿತು. ವೈಫೈ ಮಾತ್ರ ಸಿಗಲಿಲ್ಲ. ಫೋನನ್ನು ಯುಎಸ್‌ಬಿ ಕೇಬಲಿನಿಂದ ಸಿಕ್ಕಿಸಿ ಟೆದರಿಂಗ್ ಆನ್ ಮಾಡಿದೆ, ನೆಟ್ ಬಂತು. ವೈಫೈ ಡ್ರೈವರನ್ನು ಆಮೇಲೆ ಆ ನೆಟ್ಟಿನಲ್ಲೇ ಇಳಿಸಿಕೊಂಡೆ.

ಇನ್‌ಸ್ಟಾಲ್ ಮಾಡುವ ಮೊದಲು ಅಪ್ಪನ ಫೈಲುಗಳನ್ನೆಲ್ಲ ಬೇರೆ ಡ್ರೈವಿಗೆ ತೆಗೆದಿಟ್ಟೆ. ಇದನ್ನು ದಯವಿಟ್ಟು ತಪ್ಪಿಸಬೇಡಿ. ಯಾಕೆಂದರೆ ಆಟಿ ತಿಂಗಳ ಮಳೆ, ಬ್ಯಾಟರಿ ಸತ್ತ ಲ್ಯಾಪ್‌ಟಾಪ್. ಅರ್ಧ ಆಗುವಾಗ ಕರೆಂಟು ಹೋಯಿತು! ಮತ್ತೆ ಆನ್ ಮಾಡಿದರೆ ಕಪ್ಪು ಪರದೆ. ಎದೆ ಒಮ್ಮೆ ಧಸಕ್ಕೆಂದಿತು. ಫೈಲುಗಳು ಹೊರಗಿದ್ದವು ಅನ್ನುವುದೊಂದೇ ಸಮಾಧಾನ. ಮರುದಿನ ಬೆಳಗ್ಗೆ ಐದಕ್ಕೆ ಎದ್ದು, ಪಕ್ಕದ ಮನೆಯವರ ಇನ್‌ವರ್ಟರಿಗೆ ಸಿಕ್ಕಿಸಿ ಮೊದಲಿಂದ ಶುರು ಮಾಡಿದೆ. ಅರ್ಧ ಗಂಟೆಯೊಳಗೆ ಮುಗಿಯಿತು.

ಒಂದು ಮಾತು ನೇರವಾಗಿ ಹೇಳುತ್ತೇನೆ. ಲಿನಕ್ಸ್ ಹಗುರವಾದರೂ ಬ್ರೌಸರ್ ಹಗುರವಲ್ಲ. ಫೈರ್‌ಫಾಕ್ಸಿನಲ್ಲಿ ಎರಡು ಮೂರು ಟ್ಯಾಬಿಗಿಂತ ಜಾಸ್ತಿ ತೆರೆದರೆ 2 ಜಿಬಿ ಸಾಲದು. ಆಮೇಲೆ ಹಾರ್ಡ್ ಡಿಸ್ಕ್ ತೆಗೆದು ಅದಕ್ಕಿಂತ ವೇಗದ ಸಾಟಾ ಎಸ್‌ಎಸ್‌ಡಿ ಹಾಕಿದೆ. ನಾನು ಖರ್ಚು ಮಾಡಿದ್ದು ಅದಕ್ಕೊಂದಕ್ಕೇ, ಎಲ್ಲಕ್ಕಿಂತ ಹೆಚ್ಚು ವ್ಯತ್ಯಾಸ ಆದದ್ದೂ ಅದರಿಂದಲೇ.

ಇಷ್ಟೆಲ್ಲ ಮಾಡಿದ್ದು ಕನ್ನಡಕ್ಕಾಗಿ ಅಲ್ವಾ? ಸಾಫ್ಟ್‌ವೇರ್ ಇಳಿಸಿಕೊಳ್ಳುವ ಸಿನಾಪ್ಟಿಕ್ ತೆರೆದು ಗುಬ್ಬಿ, ನವಿಲು, ಲೋಹಿತ್ ಫಾಂಟುಗಳನ್ನು ಹಾಕಿದೆ. ಆದರೆ ಅಪ್ಪನ ಹಳೆಯ ಫೈಲು ತೆರೆದರೆ ಬರೀ ಗೋಜಲು. ಅವು ಈಗ ಎಲ್ಲ ಕಡೆ ನಡೆಯುವ ಯೂನಿಕೋಡ್ ಅಲ್ಲ, ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದು. ಒಂದೊಂದನ್ನೇ ಪರಿವರ್ತಕಕ್ಕೆ ಹಾಕಿ ಯೂನಿಕೋಡಿಗೆ ತಂದೆ. ಕೆಲವು ಒತ್ತಕ್ಷರ ಕೆಟ್ಟವು, ಕೈಯಲ್ಲಿ ತಿದ್ದುತ್ತಿದ್ದೇನೆ. ಇನ್ನೂ ನಲವತ್ತು ಫೈಲು ಉಂಟು.

ಮಗಳು ಕನ್ನಡ ಮಾಧ್ಯಮದಲ್ಲಿ ಒಂಬತ್ತನೇ ಕ್ಲಾಸು. ಕೇರಳದ ಸರಕಾರಿ, ಅನುದಾನಿತ ಶಾಲೆಗಳಲ್ಲಿ ಶಿಕ್ಷಣ ಇಲಾಖೆಯ ಕೈಟ್ ಸಂಸ್ಥೆಯ ಲಿನಕ್ಸೇ ಇರುವುದು. “ಅಪ್ಪಾ, ನಮ್ಮ ಶಾಲೆಯ ಕಂಪ್ಯೂಟರಿನ ಹಾಗೇ ಉಂಟಲ್ಲ!” ಎಂದು ಚಿತ್ರ ತಿದ್ದುವ ಜಿಂಪ್, ಗಣಿತದ ಜಿಯೋಜಿಬ್ರಾ ಎರಡನ್ನೂ ತಾನೇ ಹಾಕಿಕೊಂಡಳು. ಅಜ್ಜನಿಗೆ ಬರೆಯಲು ಲಿಬ್ರೆಆಫೀಸ್ ತೋರಿಸಿಕೊಟ್ಟದ್ದೂ ಅವಳೇ.

ಕೀಬೋರ್ಡ್ ಸೆಟ್ಟಿಂಗಿನಲ್ಲಿ ಕನ್ನಡದ ಕಗಪ ವಿನ್ಯಾಸ ಮೊದಲೇ ಇತ್ತು. ನುಡಿಯಲ್ಲಿ ಅಪ್ಪ ಕಲಿತದ್ದೂ ಅದನ್ನೇ. ಆದರೂ ಹೊಸ ಪರದೆ ನೋಡಿ ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಮತ್ತೆ ಕನ್ನಡಕ ಸರಿ ಮಾಡಿಕೊಂಡು ಕೆ, ಎಫ್, ಎಕ್ಸ್ ಒತ್ತಿದರು. ‘ಕ್ಷ’ ಬಂತು.

“ಮರೆತಿಲ್ಲ ಮಾರಾಯ” ಎಂದರು.