ಕಾರು ನಿಲ್ಲುವ ನೆಲಕ್ಕೆ ಯಾವ ಹಾಸು?

ಮೈಸೂರಿನ ನಮ್ಮ ಮನೆಯ ಕಾರ್ ಶೆಡ್ಡಿನ ನೆಲವನ್ನು ಇತ್ತೀಚೆಗೆ ಹೊಸದಾಗಿ ಮಾಡಿಸಿದೆವು. ಹಳೆಯ ಸಿಮೆಂಟ್ ನೆಲ ಗುಡಿಸಿದಷ್ಟೂ ಪುಡಿ ಉದುರಿಸುತ್ತಿತ್ತು, ಗೇಟಿನ ಬಳಿ ಉದ್ದಕ್ಕೆ ಬಿರುಕು ಬಿಟ್ಟಿತ್ತು, ಮಳೆ ಬಂದರೆ ಸಂಪಿನ ಮುಚ್ಚಳದ ಸುತ್ತ ನೀರು ನಿಲ್ಲುತ್ತಿತ್ತು. ಏನು ಹಾಕಿಸಬೇಕೆಂದು ವಿಚಾರಿಸಲು ಹೊರಟಾಗ ಹೋದ ಕಡೆಯೆಲ್ಲ ಮೊದಲು ತೋರಿಸಿದ್ದು ಬಣ್ಣ ಮತ್ತು ಡಿಸೈನುಗಳನ್ನೇ. ಕಾರು ನಿಲ್ಲುವ ನೆಲದ ಮಟ್ಟಿಗೆ ಅದು ಕೊನೆಗೆ ನೋಡಬೇಕಾದ ಸಂಗತಿ. ನೆಲದ ಕೆಳಗೆ ಏನಿದೆ, ಬಿದ್ದ ನೀರು ಯಾವ ಕಡೆಗೆ ಹರಿಯುತ್ತದೆ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕ ಮೇಲೆಯೇ ಮೇಲಿನ ಹಾಸನ್ನು ಆರಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಭಾರದ ವಿಚಾರವನ್ನೇ ತೆಗೆದುಕೊಳ್ಳೋಣ. ಕಾರಿನ ತೂಕಕ್ಕೆ ಟೈಲ್ಸ್ ಒಡೆಯುತ್ತದೆ ಎಂದು ಎಲ್ಲರೂ ಹೆದರಿಸುತ್ತಾರೆ. ಸಣ್ಣ ಹ್ಯಾಚ್‌ಬ್ಯಾಕ್ ಕಾರೊಂದು ಸುಮಾರು 900 ಕೆ.ಜಿ. ತೂಗಿದರೆ ದೊಡ್ಡ ಎಸ್‌ಯುವಿ 1,600 ಕೆ.ಜಿ.ಗೂ ಮೀರಬಹುದು. ಆದರೆ ಟೈರಿನಲ್ಲಿ ಗಾಳಿ ಎಷ್ಟು ಒತ್ತಡದಲ್ಲಿದೆಯೋ ಹೆಚ್ಚುಕಡಿಮೆ ಅಷ್ಟೇ ಒತ್ತಡ ನೆಲದ ಮೇಲೆ ಬೀಳುತ್ತದೆ. ಕಾರಿನ ಟೈರಿಗೆ ಸಾಮಾನ್ಯವಾಗಿ ತುಂಬಿಸುವ 33 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಎಂದರೆ ಒಂದು ಚದರ ಸೆಂಟಿಮೀಟರಿಗೆ ಎರಡೂಕಾಲು ಕೆ.ಜಿ.ಯ ಆಸುಪಾಸು. ಮನೆಗಳಿಗೆ ಬಳಸುವ ಸಾಧಾರಣ ಎಂ-20 ದರ್ಜೆಯ ಕಾಂಕ್ರೀಟ್ ಅದೇ ಅಳತೆಯ ಜಾಗದಲ್ಲಿ 200 ಕೆ.ಜಿ.ಯಷ್ಟು ತಾಳುತ್ತದೆ. ಹೀಗಿರುವಾಗ ಒಳ್ಳೆಯ ಟೈಲ್ಸ್ ಭಾರಕ್ಕೆ ಜಜ್ಜಿಹೋಗುವ ಮಾತೇ ಇಲ್ಲ. ಅದು ಒಡೆಯುವುದು ಅಡಿಯಲ್ಲಿ ಗಾರೆ ತುಂಬದೆ ಟೊಳ್ಳು ಉಳಿದಿರುವ ಕಡೆ, ಬಾಗಿ ಸೀಳುವ ಮೂಲಕ. ಹಾಗೆ ನೋಡಿದರೆ ಕಾರಿಗಿಂತ ಹೆಚ್ಚು ತೊಂದರೆ ಕೊಡುವುದು ಬೈಕಿನ ಸೈಡ್ ಸ್ಟ್ಯಾಂಡ್ ಮತ್ತು ಟೈರ್ ಬಿಚ್ಚುವಾಗ ಇಡುವ ಜಾಕಿ, ಏಕೆಂದರೆ ಅವು ಇಡೀ ಭಾರವನ್ನು ಅಂಗೈಗಿಂತ ಚಿಕ್ಕ ಜಾಗಕ್ಕೆ ಇಳಿಸುತ್ತವೆ.

ಟೊಳ್ಳನ್ನು ಕಂಡುಹಿಡಿಯುವುದು ಕಷ್ಟವಲ್ಲ. ಹಾಸಿದ ಮರುದಿನ ಕಬ್ಬಿಣದ ಸಲಾಕೆಯಿಂದಲೋ ಸುತ್ತಿಗೆಯ ಹಿಡಿಯಿಂದಲೋ ಒಂದೊಂದು ಟೈಲನ್ನೂ ಮೆಲ್ಲಗೆ ತಟ್ಟುತ್ತ ಹೋದರೆ, ಗಾರೆ ತುಂಬಿದ ಕಡೆ ಬಿಗಿಯಾದ ಸದ್ದು ಬರುತ್ತದೆ, ತುಂಬದ ಕಡೆ ಡೋಲಿನಂತೆ ಬಡಿಯುತ್ತದೆ. ಮೂಲೆಗಳಲ್ಲಿ ಮತ್ತು ಚಕ್ರ ಹಾಯುವ ಸಾಲಿನಲ್ಲಿ ಹಾಗೆ ಬಡಿದರೆ ಅದನ್ನು ಆಗಲೇ ಎಬ್ಬಿಸಿ ಮತ್ತೆ ಕೂರಿಸಬೇಕು. ನಮ್ಮ ಮೇಸ್ತ್ರಿಗಳು ಈ ಮಾತನ್ನು ಮೊದಲ ದಿನವೇ ಹೇಳಿದರು: "ಅಡಿ ಟೊಳ್ಳಾಗಿದ್ರೆ ಯಾವ ಕಲ್ಲು ಹಾಕಿದ್ರೂ ಅಷ್ಟೇ ಸಾರ್, ಮೊದ್ಲು ಮಣ್ಣು ನೋಡೋಣ." ಅವರು ಹೇಳಿದ್ದು ಸರಿಯಾಗಿತ್ತು. ಹೆಚ್ಚಿನ ಮನೆಗಳಲ್ಲಿ ಕಾರು ನಿಲ್ಲುವ ಜಾಗ ಪಾಯದ ಹೊರಗೆ, ಅಗೆದು ತೆಗೆದ ಮಣ್ಣನ್ನೇ ಮತ್ತೆ ತುಂಬಿದ ಕಡೆ ಇರುತ್ತದೆ. ಆ ಮಣ್ಣನ್ನು ಪದರ ಪದರವಾಗಿ ನೀರು ಹಾಕಿ ದಿಮ್ಮಸು ಹೊಡೆಯದಿದ್ದರೆ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅದು ಕುಸಿಯುತ್ತದೆ, ಅದರ ಮೇಲಿನ ಕಾಂಕ್ರೀಟು ಅಂತರದಲ್ಲಿ ನಿಲ್ಲುತ್ತದೆ, ಕೊನೆಗೆ ಹಾಸು ಬಿರಿಯುತ್ತದೆ. ಬಿರುಕು ಮೇಲೆ ಕಾಣಿಸಿದರೂ ಅದು ಹುಟ್ಟುವುದು ಕೆಳಗೆ.

ಇನ್ನು ನೀರು. ಶೆಡ್ಡಿಗೆ ಮಾಡು ಇದ್ದರೂ ಎರಚಲು ಬರುತ್ತದೆ, ಒದ್ದೆ ಕಾರು ಒಳಗೆ ಬರುತ್ತದೆ, ಭಾನುವಾರ ಕಾರು ತೊಳೆಯುತ್ತೇವೆ. ನೀರು ತಾನಾಗಿ ಹರಿದುಹೋಗಲು ನೂರಕ್ಕೆ ಒಂದರಷ್ಟಾದರೂ ವಾಟ, ಅಂದರೆ ಇಳಿಜಾರು, ಬೇಕು. 18 ಅಡಿ ಉದ್ದದ ಜಾಗಕ್ಕೆ ಅದು ಎರಡು ಇಂಚಿಗೆ ಸ್ವಲ್ಪ ಹೆಚ್ಚು. ಬೆಂಗಳೂರು, ಮೈಸೂರಿನ ಮನೆಗಳಲ್ಲಿ ಸಂಪು ಸಾಮಾನ್ಯವಾಗಿ ಇದೇ ನೆಲದ ಕೆಳಗಿರುವುದರಿಂದ ಇಲ್ಲಿ ವಿಶೇಷ ಎಚ್ಚರಿಕೆ ಬೇಕಾಗುತ್ತದೆ. ಎಣ್ಣೆ, ಸೋಪು ಬೆರೆತ ನೀರು ಕುಡಿಯುವ ನೀರಿನ ಸಂಪಿಗೆ ಇಳಿಯಬಾರದು. ಆದ್ದರಿಂದ ಮುಚ್ಚಳದ ಚೌಕಟ್ಟನ್ನು ಸುತ್ತಲಿನ ನೆಲಕ್ಕಿಂತ ತುಸು ಎತ್ತರಿಸಿ, ವಾಟವನ್ನು ಅದರಿಂದ ಆಚೆಗೆ ತಿರುಗಿಸಬೇಕು. ಸಂಪಿನ ಮೇಲಿನ ಸ್ಲ್ಯಾಬು ಕಾರಿನ ಭಾರಕ್ಕೆ ಲೆಕ್ಕ ಹಾಕಿ ಕಟ್ಟಿದ್ದೇ ಎಂಬುದನ್ನು ತಿಳಿಯದೆ ಅದರ ಮೇಲೆ ಚಕ್ರ ಹಾಯಿಸುವುದು ಅಪಾಯ. ಎಷ್ಟೋ ಹಳೆಯ ಮನೆಗಳಲ್ಲಿ ಅದನ್ನು ಜನ ನಡೆದಾಡುವುದಕ್ಕೆಂದಷ್ಟೇ ಹಾಕಿರುತ್ತಾರೆ.

ಅಂಗಡಿಗಳಲ್ಲಿ ಹೆಚ್ಚು ಬಿಕರಿಯಾಗುವುದು ಪಾರ್ಕಿಂಗ್ ಟೈಲ್ಸ್. ಗುಜರಾತಿನ ಮೊರ್ಬಿಯಿಂದ ಬರುವ ಈ ಟೈಲುಗಳು ಒಂದು ಅಡಿ ಅಥವಾ 16 ಇಂಚು ಚದರದಲ್ಲಿ, 10ರಿಂದ 12 ಮಿ.ಮೀ. ದಪ್ಪದಲ್ಲಿ ಸಿಗುತ್ತವೆ. ನಿಜವಾದ ವಿಟ್ರಿಫೈಡ್ (ಹೆಚ್ಚು ಶಾಖದಲ್ಲಿ ಸುಟ್ಟು ಗಾಜಿನಂತೆ ಬಿಗಿಯಾಗಿಸಿದ್ದು) ಆಗಿದ್ದರೆ ಅರ್ಧ ಶೇಕಡಕ್ಕಿಂತಲೂ ಕಡಿಮೆ ನೀರು ಹೀರುತ್ತವೆ, ಎಣ್ಣೆಯ ಕಲೆ ಸುಲಭವಾಗಿ ಒರೆಸಿಹೋಗುತ್ತದೆ. ಕೊಳ್ಳುವ ಮುನ್ನ ಟೈಲನ್ನು ಮಗುಚಿ ಹಿಂಬದಿಗೆ ನಾಲ್ಕು ಹನಿ ನೀರು ಹಾಕಿ ನೋಡಬೇಕು. ಹನಿ ಬೇಗ ಇಂಗಿದರೆ ಅದು ಗೋಡೆಗೆ ಸರಿ, ಕಾರಿಗಲ್ಲ. ಜಾರದಿರಲೆಂದು ಮೇಲೆ ಆಳವಾದ ಗೆರೆಗಳಿರುವ ಟೈಲನ್ನು ಅನೇಕರು ಆರಿಸುತ್ತಾರೆ. ಆ ಗೆರೆಗಳಲ್ಲಿ ಕೆಮ್ಮಣ್ಣು ಕೂತರೆ ಪೊರಕೆಗೆ ಬರುವುದಿಲ್ಲ, ಮನೆಯಲ್ಲಿ ನೆಲ ಗುಡಿಸುವವರು ಯಾರೋ ಅವರನ್ನು ಕೇಳಿ ಈ ನಿರ್ಧಾರ ಮಾಡುವುದು ನ್ಯಾಯ. ಮರಳುಕಾಗದದಷ್ಟು ತರಿ ಇರುವ ಮ್ಯಾಟ್ ಮೇಲ್ಮೈ ಸಾಕು.

ಕಲ್ಲಿನ ವಿಚಾರಕ್ಕೆ ಬಂದರೆ ನಮ್ಮ ನಾಡಿನವರು ಅದೃಷ್ಟವಂತರು. ಕಲಬುರಗಿ ಜಿಲ್ಲೆಯ ಶಹಾಬಾದ್ ಕಲ್ಲು, ಆಂಧ್ರದ ಕಡಪ ಕಲ್ಲು ಎರಡೂ ಅಗ್ಗ, ತಂಪು, ನೋಡಲೂ ಚೆನ್ನ. ಆದರೆ ಎರಡೂ ಸುಣ್ಣಕಲ್ಲಿನ ಜಾತಿಯವು, ಹುಳಿಯನ್ನು ತಾಳಲಾರವು. ಆಯುಧಪೂಜೆಯ ದಿನ ನಾಲ್ಕು ಚಕ್ರಗಳಡಿ ನಿಂಬೆಹಣ್ಣು ಇಟ್ಟು ಕಾರು ಮುಂದೆ ತೆಗೆಯುತ್ತೇವಲ್ಲ, ಪಾಲಿಶ್ ಮಾಡಿದ ಕಡಪ ಕಲ್ಲಿನ ಮೇಲೆ ಆ ರಸವನ್ನು ಸಂಜೆಯವರೆಗೆ ಬಿಟ್ಟರೆ ಅಲ್ಲಿ ಬಿಳಿಚಿದ, ಹೊಳಪಿಲ್ಲದ ಮಚ್ಚೆಗಳು ಉಳಿಯುತ್ತವೆ. ಸಂಬಂಧಿಕರೊಬ್ಬರ ಮನೆಯಲ್ಲಿ ವರ್ಷ ವರ್ಷದ ಅಂಥ ಮಚ್ಚೆಗಳನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಬೆರಳಾಡಿಸಿದರೆ ಕಲ್ಲು ಅಲ್ಲಿ ತರಿತರಿಯಾಗಿ ತಗಲುತ್ತದೆ, ಏಕೆಂದರೆ ಅದು ಕಲೆಯಲ್ಲ, ಕಲ್ಲೇ ಕರಗಿರುವುದು. ಯಾವ ಸೋಪಿಗೂ ಅದು ಹೋಗುವುದಿಲ್ಲ, ಮತ್ತೆ ಪಾಲಿಶ್ ಮಾಡಿಸಬೇಕು. ಟಾಯ್ಲೆಟ್ ತೊಳೆಯುವ ಆಸಿಡ್ ಸುರಿದರಂತೂ ಹಾನಿ ಇನ್ನೂ ಹೆಚ್ಚು. ಪಾಲಿಶ್ ಇಲ್ಲದ ಒರಟು ಶಹಾಬಾದ್ ಹಾಕಿದರೆ ಈ ಮಚ್ಚೆ ಎದ್ದು ಕಾಣದು, ಉತ್ತರ ಕರ್ನಾಟಕದ ಅಂಗಳಗಳಲ್ಲಿ ಅದು ತಲೆಮಾರುಗಳಿಂದ ಬಾಳಿಕೊಂಡು ಬಂದಿದೆ.

ಬೆಂಗಳೂರಿನ ಉತ್ತರಕ್ಕೆ ಸಿಗುವ ಬೂದು ಬಣ್ಣದ ಸಾದರಹಳ್ಳಿ ಕಲ್ಲು ಗ್ರಾನೈಟ್ ಜಾತಿಯದು, ನಿಂಬೆರಸಕ್ಕೆ ಅಂಜುವುದಿಲ್ಲ. ಅದರ ಮೇಲೆ ಬೆಂಕಿಯ ಜ್ವಾಲೆ ಹಾಯಿಸಿದಾಗ ಮೇಲ್ಪದರದ ಬೆಣಚಿನ ಕಣಗಳು ಹಿಗ್ಗಿ ಸಿಡಿದು ಮೇಲ್ಮೈ ಒರಟಾಗುತ್ತದೆ. ಫ್ಲೇಮ್ಡ್ ಎಂದು ಕರೆಯುವ ಈ ಕಲ್ಲಿನ ಮೇಲೆ ಮಳೆಯಲ್ಲಿ ಚಪ್ಪಲಿಯೂ ಜಾರದು, ಟೈರೂ ಜಾರದು. ದೋಷವೆಂದರೆ ಒರಟು ಗ್ರಾನೈಟು ಎಣ್ಣೆಯನ್ನು ಕುಡಿಯುತ್ತದೆ. ಹಳೆಯ ಸ್ಕೂಟರಿನಿಂದ ತೊಟ್ಟಿಕ್ಕಿದ ಎಣ್ಣೆ ಕಪ್ಪು ಕಲೆಯಾಗಿ ನಿಲ್ಲುತ್ತದೆ. ಕಲ್ಲಿನೊಳಕ್ಕೆ ಇಳಿಯುವ ಸೀಲರನ್ನು ಮೊದಲೇ ಹಚ್ಚಿಸುವುದು, ಬಿದ್ದ ಎಣ್ಣೆಯ ಮೇಲೆ ತಕ್ಷಣ ಮರದ ಹೊಟ್ಟನ್ನೋ ಒಣ ಸಿಮೆಂಟನ್ನೋ ಉದುರಿಸುವುದು, ಇವು ಅದಕ್ಕಿರುವ ಸುಲಭ ಉಪಾಯಗಳು. ತೂಕವೂ ಕಡಿಮೆಯಲ್ಲ, ಎರಡು ಅಡಿ ಚದರದ, ಎರಡು ಇಂಚು ದಪ್ಪದ ಚಪ್ಪಡಿಯೊಂದು 50 ಕೆ.ಜಿ. ತೂಗುವುದರಿಂದ ಅದನ್ನು ಕೂರಿಸಲು ಇಬ್ಬರು ಬೇಕು.

ಈಗ ಎಪಾಕ್ಸಿ, ಅಂದರೆ ಕಾಂಕ್ರೀಟಿನ ಮೇಲೆ ದ್ರವವಾಗಿ ಬಳಿದು ಗಟ್ಟಿಯಾಗಲು ಬಿಡುವ ರಾಳದ ಲೇಪ. ಶೋರೂಮಿನಂತೆ ಮಿರುಗುವ, ಸಂದುಗಳೇ ಇಲ್ಲದ ಆ ನೆಲವನ್ನು ವಿಡಿಯೊಗಳಲ್ಲಿ ನೋಡಿದ ಗೆಳೆಯರೆಲ್ಲ ಅದನ್ನೇ ಹಾಕಿಸು ಎಂದರು. ಒಳ್ಳೆಯ ವಸ್ತುವೇ, ಎಣ್ಣೆಗೂ ರಾಸಾಯನಿಕಗಳಿಗೂ ಗಟ್ಟಿ, ಕಾರ್ಖಾನೆಗಳಲ್ಲಿ ಅದರ ಬಾಳಿಕೆಯ ಬಗ್ಗೆ ಎರಡು ಮಾತಿಲ್ಲ. ಆದರೆ ಅದು ಕೆಳಗಿನ ಕಾಂಕ್ರೀಟು ಒಣಗಿರಬೇಕೆಂದು ಕೇಳುತ್ತದೆ. ನಮ್ಮಲ್ಲಿ ನೆಲದ ಅಡಿ ಪಾಲಿಥಿನ್ ಹಾಳೆ ಹಾಸಿ ಕಾಂಕ್ರೀಟ್ ಹಾಕುವ ರೂಢಿ ಕಡಿಮೆ. ಮಣ್ಣಿನ ತೇವ ಕಾಂಕ್ರೀಟಿನ ಮೂಲಕ ಆವಿಯಾಗಿ ಮೇಲೇರುತ್ತಲೇ ಇರುತ್ತದೆ. ಎಪಾಕ್ಸಿ ಆ ಆವಿಯ ದಾರಿಯನ್ನು ಮುಚ್ಚಿದಾಗ ಅದು ಅಡಿಯಲ್ಲೇ ಕೂಡಿ ಗುಳ್ಳೆಗಳನ್ನು ಎಬ್ಬಿಸುತ್ತದೆ. ಇದನ್ನು ಮೊದಲೇ ಪರೀಕ್ಷಿಸುವುದು ಸುಲಭ. ಒಂದೂವರೆ ಅಡಿ ಚದರದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕಿಟ್ಟು ನಾಲ್ಕೂ ಅಂಚಿಗೆ ಟೇಪು ಅಂಟಿಸಿ, ಕನಿಷ್ಠ 16 ಗಂಟೆ ಬಿಟ್ಟು ತೆಗೆದರೆ, ಹಾಳೆಯ ಒಳಬದಿಯಲ್ಲಿ ಹನಿ ಕಟ್ಟಿದೆಯೇ, ಕಾಂಕ್ರೀಟು ಕಪ್ಪಾಗಿದೆಯೇ ಎಂಬುದು ಗೊತ್ತಾಗುತ್ತದೆ. ನಮ್ಮ ಹಳೆಯ ನೆಲದ ಮೇಲೆ, ಸಂಪಿನಿಂದ ನಾಲ್ಕು ಅಡಿ ದೂರದಲ್ಲಿ, ಹಾಳೆ ಪೂರ್ತಿ ಬೆವರಿತ್ತು. ಎಪಾಕ್ಸಿಯ ಚರ್ಚೆ ನಮ್ಮ ಮನೆಯಲ್ಲಿ ಅಲ್ಲಿಗೆ ಮುಗಿಯಿತು.

ತೇವವಿಲ್ಲದ ಮನೆಯವರು ತಿಳಿದಿರಬೇಕಾದ ಇನ್ನೆರಡು ಸಂಗತಿಗಳಿವೆ. ಹೆದ್ದಾರಿಯಲ್ಲಿ ಓಡಿ ಬಂದ ಟೈರ್ ಬಿಸಿಯಾಗಿರುತ್ತದೆ, ನಿಂತಲ್ಲೇ ತಣ್ಣಗಾಗಿ ಕುಗ್ಗುವಾಗ ತೆಳುವಾದ ಬಣ್ಣದ ಪದರವನ್ನು ಹಿಡಿದು ಕಿತ್ತುಕೊಂಡು ಬರುತ್ತದೆ. ಡಬ್ಬಿಯಲ್ಲಿ ಬರುವ ಅಗ್ಗದ ನೆಲದ ಬಣ್ಣಗಳು ಸೋಲುವುದು ಹೆಚ್ಚಾಗಿ ಇಲ್ಲೇ. ಕಾಂಕ್ರೀಟಿನ ಮೇಲಿನ ಹಾಲುಪದರವನ್ನು (ಸಿಮೆಂಟಿನ ಸಡಿಲವಾದ ತೆಳು ಪೊರೆ) ಯಂತ್ರದಿಂದ ಉಜ್ಜಿ ತೆಗೆದು, ಪ್ರೈಮರ್ ಕೊಟ್ಟು, ದಪ್ಪನೆಯ ಪದರ ಹಾಕುವವರಿಗೆ ಮಾತ್ರ ಕೆಲಸ ಕೊಡಬೇಕು. ಆಸಿಡ್ ತೊಳೆದು ಎರಡು ಕೋಟ್ ಬಳಿದು ಹೋಗುವವರಿಗಲ್ಲ. ಎರಡನೆಯದಾಗಿ, ಎಪಾಕ್ಸಿ ಬಿಸಿಲಿಗೆ ಹಳದಿಯಾಗುತ್ತದೆ. ಮುಂಭಾಗ ತೆರೆದಿರುವ ಶೆಡ್ಡಿನಲ್ಲಿ ಮಧ್ಯಾಹ್ನದ ಬಿಸಿಲು ಬೀಳುವ ಅರ್ಧ ಒಂದು ಬಣ್ಣ, ನೆರಳಿನ ಅರ್ಧ ಇನ್ನೊಂದು ಬಣ್ಣವಾಗುತ್ತದೆ. ಬಿಸಿಲು ತಡೆಯುವ ಪಾಲಿಯುರೆಥೇನ್ ಅಥವಾ ಪಾಲಿಆಸ್ಪಾರ್ಟಿಕ್ ಮೇಲ್ಪದರ ಹಾಕಿದರೆ ಇದು ತಪ್ಪುತ್ತದೆ, ಖರ್ಚು ಏರುತ್ತದೆ.

ರಬ್ಬರ್ ಮ್ಯಾಟು, ಒಂದಕ್ಕೊಂದು ಸಿಕ್ಕಿಸುವ ಪಿವಿಸಿ ಹಲಗೆಗಳು ಬಾಡಿಗೆ ಮನೆಯವರಿಗೆ ಅನುಕೂಲ, ಹೋಗುವಾಗ ಸುತ್ತಿಕೊಂಡು ಹೋಗಬಹುದು. ಅಡಿಯಲ್ಲಿ ನೀರು ಸೇರಿ ವಾಸನೆ ಬರುವುದರಿಂದ ಆಗಾಗ ಎತ್ತಿ ಒಣಗಿಸಬೇಕು.

ಮಣ್ಣೇ ನಿಲ್ಲದ ಊರುಗಳಲ್ಲಿ ಆಯ್ಕೆ ಬೇರೆಯೇ ಆಗುತ್ತದೆ. ಧಾರವಾಡ, ವಿಜಯಪುರದ ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುತ್ತದೆ, ಅದರ ಮೇಲಿನ ಯಾವ ಗಟ್ಟಿ ಹಾಸೂ ಸೀಳದೆ ಉಳಿಯುವುದು ಕಷ್ಟ. ಎರಡು ಮೂರು ಅಡಿ ಎರೆಯನ್ನು ತೆಗೆದು ಗರಸು (ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣು) ತುಂಬಿಸಿ, ಮರಳಿನ ಹಾಸಿನ ಮೇಲೆ ಇಂಟರ್‌ಲಾಕ್ ಇಟ್ಟಿಗೆ ಜೋಡಿಸುವುದು ಅಲ್ಲಿ ವಿವೇಕ. ನೆಲ ಅಲುಗಿದರೆ ಇಟ್ಟಿಗೆ ಎತ್ತಿ ಮಟ್ಟ ಮಾಡಿ ಮತ್ತೆ ಇಡಬಹುದು. ಮನೆಯ ಕಾರಿಗೆ 60 ಮಿ.ಮೀ. ದಪ್ಪ ಸಾಕಾದರೂ 80 ಹಾಕಿದರೆ ನೆಮ್ಮದಿ. ಸುತ್ತ ಅಂಚುಕಲ್ಲು ಕಟ್ಟದಿದ್ದರೆ ಇಟ್ಟಿಗೆಗಳು ಹೊರಕ್ಕೆ ಸರಿಯುತ್ತವೆ. ವರ್ಷಕ್ಕೆ 3,500 ಮಿ.ಮೀ.ಗೂ ಮೀರಿ ಮಳೆ ಸುರಿಯುವ ಕರಾವಳಿಯಲ್ಲಿ ಪಾಚಿಯೇ ದೊಡ್ಡ ಶತ್ರುವಾದ್ದರಿಂದ ಅಲ್ಲಿ ಒರಟುತನ ಎಲ್ಲಕ್ಕಿಂತ ಮುಖ್ಯ.

ನಾವು ಆರಿಸಿದ್ದು ಒಂದೂವರೆ ಇಂಚಿನ ಫ್ಲೇಮ್ಡ್ ಸಾದರಹಳ್ಳಿ ಕಲ್ಲನ್ನು. ತೇವ ಮೇಲೇರಿದರೂ ಸಂದುಗಳಲ್ಲಿ ಹೊರಹೋಗುತ್ತದೆ, ಯಾವುದೋ ಒಂದು ಕಲ್ಲು ಕೆಟ್ಟರೆ ಅದೊಂದನ್ನೇ ಬದಲಾಯಿಸಬಹುದು ಎಂಬುದು ಮುಖ್ಯ ಕಾರಣ. ಹಳೆಯ ನೆಲವನ್ನು ಅಗೆಸಿ, ಮಣ್ಣಿಗೆ ನೀರು ಹಾಕಿ ದಿಮ್ಮಸು ಹೊಡೆಸಿ, ಜಲ್ಲಿ ಹರಡಿ, ಪಾಲಿಥಿನ್ ಹಾಳೆ ಹಾಸಿ, ನಾಲ್ಕು ಇಂಚು ಕಾಂಕ್ರೀಟ್ ಹಾಕಿಸಿದೆವು. ವಾಟವನ್ನು ಕಾಂಕ್ರೀಟಿನಲ್ಲೇ ಕೊಡಿಸಿದೆವು; ಕಲ್ಲಿನ ಅಡಿಯ ಗಾರೆಯನ್ನು ಒಂದು ಕಡೆ ದಪ್ಪ, ಒಂದು ಕಡೆ ತೆಳು ಮಾಡಿ ಕೊಡುವ ವಾಟ ಟೊಳ್ಳಿಗೆ ಎಡೆಮಾಡುತ್ತದೆ. ಕಾಂಕ್ರೀಟಿನ ಮೇಲೆ ಗೋಣಿಚೀಲ ಹೊದಿಸಿ ವಾರಕ್ಕೂ ಹೆಚ್ಚು ಕಾಲ ನೀರು ಹಾಯಿಸಿದ ಮೇಲೆಯೇ ಕಲ್ಲು ಕೂರಿಸಿದ್ದು.

ಒಟ್ಟು ಖರ್ಚಿನಲ್ಲಿ ಕಲ್ಲಿಗಿಂತ ಅದರ ಅಡಿಯ ಕೆಲಸಕ್ಕೇ ಹೆಚ್ಚು ಹೋಯಿತು. ಕೊಟೇಶನ್ ಕೇಳುವಾಗ ಅಗೆತ, ದಿಮ್ಮಸು, ಕಾಂಕ್ರೀಟ್, ಹಾಸು ಇವುಗಳ ದರವನ್ನು ಬೇರೆ ಬೇರೆಯಾಗಿ ಬರೆಸಿಕೊಳ್ಳಿ. ಚದರಡಿಗೆ ಇಷ್ಟು ಎಂದು ಒಂದೇ ಮೊತ್ತ ಹೇಳುವವರು ಸಾಮಾನ್ಯವಾಗಿ ಕೈಬಿಡುವುದು ಮೊದಲಿನ ಎರಡನ್ನೇ. ಕಲ್ಲು ಕೂರಿಸಿ ಸಂದು ತುಂಬಿದ ಮೇಲೆ ಎರಡು ವಾರವಾದರೂ ಕಾರನ್ನು ಹೊರಗೇ ನಿಲ್ಲಿಸಬೇಕಾಗುವುದರಿಂದ, ಬೀದಿಯಲ್ಲಿ ಜಾಗದ ಏರ್ಪಾಡು ಮಾಡಿಕೊಂಡು ಮಾರ್ಚಿಗೆ ಮೊದಲೇ ಕೆಲಸ ಶುರು ಮಾಡಿದರೆ ಮುಂಗಾರಿಗೆ ಮುನ್ನ ನಿಶ್ಚಿಂತೆಯಾಗಿ ಮುಗಿಯುತ್ತದೆ.